ಚೆಂಡು ಕೈಯಲ್ಲಿ ಎರಡೂವರೆ ಸೆಕೆಂಡು: ಟುವಾ ಮತ್ತು ಮಿಯಾಮಿಯ ಕಿರುಪಾಸ್ ಆಟ

ಅಮೆರಿಕನ್ ಫುಟ್‌ಬಾಲ್ ಆಟಗಾರ ಟುವಾ ಟಾಗೊವೈಲೊವಾ ಅವರ ಎಡಗೈಯಿಂದ ಚೆಂಡು ಹೊರಡುವ ಹೊತ್ತಿಗೆ ಅದನ್ನು ಹಿಡಿಯಬೇಕಾದ ಆಟಗಾರ, ಅಂದರೆ ರಿಸೀವರ್, ಇನ್ನೂ ಬೆನ್ನು ತೋರಿಸಿಕೊಂಡು ಓಡುತ್ತಿರುತ್ತಾನೆ. ಚೆಂಡು ಹೋಗುತ್ತಿರುವ ಜಾಗದಲ್ಲಿ ಟುವಾ ತಂಡದವರು ಯಾರೂ ಇರುವುದಿಲ್ಲ. ಅರೆಗಳಿಗೆಯ ಹಿಂದೆ ಅಲ್ಲಿ ಎದುರಾಳಿ ತಂಡದ ಲೈನ್‌ಬ್ಯಾಕರ್, ಅಂದರೆ ನಡುವಿನ ರಕ್ಷಕ, ನಿಂತಿದ್ದ. ಮೊದಲ ಸಲ ನೋಡುವವರಿಗೆ ಈತ ಯಾರಿಗೆ ಎಸೆದ ಎಂದೇ ತಿಳಿಯುವುದಿಲ್ಲ. ಅಷ್ಟರಲ್ಲಿ ಲೈನ್‌ಬ್ಯಾಕರ್ ಯಾವುದೋ ಆಮಿಷಕ್ಕೆ ಸಿಕ್ಕಿ ಎರಡು ಹೆಜ್ಜೆ ಮುಂದೆ ಬಂದಿರುತ್ತಾನೆ, ರಿಸೀವರ್ ಒಳಕ್ಕೆ ತಿರುಗಿರುತ್ತಾನೆ, ಚೆಂಡು ಸೀದಾ ಅವನ ಎದೆಗೆ ಬಂದು ಕೂರುತ್ತದೆ. ಓಟದ ವೇಗ ಒಂದಿಷ್ಟೂ ತಗ್ಗುವುದಿಲ್ಲ. ಹನ್ನೆರಡು ಗಜದ ಪಾಸ್ ನಲವತ್ತು ಗಜವಾಗುವುದು ಹೀಗೆ.

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಮಿಯಾಮಿ ಡಾಲ್ಫಿನ್ಸ್ ತಂಡ 2022ರಿಂದ ನಾಲ್ಕು ಋತು ಈ ಒಂದು ಎಸೆತದ ಸುತ್ತಲೇ ತನ್ನ ಆಟವನ್ನು ಕಟ್ಟಿಕೊಂಡಿತ್ತು. ಆ ನಾಲ್ಕು ವರ್ಷಗಳಲ್ಲಿ ತಂಡ ಲೀಗ್‌ನ ಕಣ್ಣು ಕುಕ್ಕುವಂತೆ ಆಡಿದ್ದೂ ಉಂಟು, 2025ರ ಡಿಸೆಂಬರ್‌ನಲ್ಲಿ ಅದೇ ಟುವಾ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದೂ ಉಂಟು. ನಡುವೆ ಎಡೆಬಿಡದೆ ನಡೆದ ವಾದ ಒಂದೇ: ಗೆಲ್ಲಿಸುತ್ತಿರುವುದು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕೋ (ಇಲ್ಲಿ ಟುವಾ), ತರಬೇತುದಾರ ಹೆಣೆದ ವ್ಯೂಹವೋ? ನನ್ನ ಮಟ್ಟಿಗೆ ಈ ಪ್ರಶ್ನೆಯೇ ತುಸು ಓರೆ. ಆದರೆ ಅದು ಏಕೆ ಓರೆ ಎಂದು ಹೇಳಬೇಕಾದರೆ ಮೊದಲು ಆ ವ್ಯೂಹವನ್ನು ಬಿಚ್ಚಿ ನೋಡಬೇಕು.

ಈ ಆಟದ ಪರಿಚಯ ಅಷ್ಟಾಗಿ ಇಲ್ಲದವರಿಗೆ ಒಂದೆರಡು ಮಾತು. ಹನ್ನೊಂದು ಮಂದಿಯ ಆಕ್ರಮಣ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ. ದಾಟದಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ನಾಲ್ಕನೆಯ ಅವಕಾಶದಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾರೆ. ಅಂದರೆ ಲೆಕ್ಕಕ್ಕೆ ಬರುವುದು ಮೂರೇ ಅವಕಾಶ. ಪ್ರತಿ ಸಲ ನಾಲ್ಕು ಗಜ ಸಿಕ್ಕರೂ ಸಾಕು, ಚೆಂಡು ನಿಮ್ಮ ಕೈಬಿಡುವುದಿಲ್ಲ. ಐವತ್ತು ಓವರ್‌ಗಳ ಪಂದ್ಯದಲ್ಲಿ ಪ್ರತಿ ಚೆಂಡಿಗೂ ಒಂದೊಂದು ರನ್ ಕದಿಯುತ್ತ ಹೋದರೆ ಸಿಕ್ಸರ್ ಇಲ್ಲದೆಯೂ ಮುನ್ನೂರಾಗುತ್ತದಲ್ಲ, ಹಾಗೆ. ಕಿರುಪಾಸಿನ ಮೂಲ ಲೆಕ್ಕ ಇಷ್ಟೇ. ಹಿಂದೆ ಚೆಂಡನ್ನು ಹೊತ್ತು ಓಡಿ ಗಳಿಸುತ್ತಿದ್ದ ನಾಲ್ಕೈದು ಗಜವನ್ನು ಎಸೆದು ಗಳಿಸುವುದು.

ಇದು ಹುಟ್ಟಿದ್ದು ಬಡತನದಿಂದ. 1969ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಗ್ರೆಗ್ ಕುಕ್ ಎಂಬ ಗಟ್ಟಿ ಭುಜದ ಹುಡುಗನೊಬ್ಬ ಕ್ವಾರ್ಟರ್‌ಬ್ಯಾಕ್ ಆಗಿ ಬಂದ. ದೂರದ ಎಸೆತ ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅದೇ ವರ್ಷ ಭುಜ ಹೋಯಿತು. ಮರುವರ್ಷ ಅವನ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ತೋಳಿನ ಬಲವಿರಲಿಲ್ಲ, ಗುರಿ ಇತ್ತು, ಚುರುಕು ಇತ್ತು. ಸಹಾಯಕ ತರಬೇತುದಾರರಾಗಿದ್ದ ಬಿಲ್ ವಾಲ್ಷ್ ಇದ್ದ ಅಕ್ಕಿಯಲ್ಲೇ ಅಡುಗೆ ಮಾಡಿದರು. ಮೈದಾನದ ಉದ್ದವನ್ನು ಮರೆತು ಅಗಲವನ್ನು ಬಳಸಿದರು. ಅಗಲ 53 ಗಜಕ್ಕೂ ಸ್ವಲ್ಪ ಹೆಚ್ಚು. ಅಷ್ಟು ಅಗಲಕ್ಕೆ ಐದು ಜನರನ್ನು ಹರಡಿದರೆ ರಕ್ಷಕರು ಎಲ್ಲೋ ಒಂದು ಕಡೆ ತೆಳುವಾಗಲೇಬೇಕು. 1971ರಲ್ಲಿ ಎಸೆದ ಚೆಂಡುಗಳಲ್ಲಿ ಅತಿ ಹೆಚ್ಚು ಪಾಲು ಗುರಿ ಮುಟ್ಟಿಸಿದವನು ಅದೇ ಬಲಹೀನ ತೋಳಿನ ಕಾರ್ಟರ್: ನೂರಕ್ಕೆ 62. ವಾಲ್ಷ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ, ಹೊಸ ಆಟಗಾರರ ಆಯ್ಕೆಯಲ್ಲಿ ಮೂರನೆಯ ಸುತ್ತಿನವರೆಗೆ ಯಾರೂ ಆರಿಸಿಕೊಳ್ಳದೆ ಉಳಿದಿದ್ದ ಜೋ ಮೊಂಟಾನಾ ಅವರನ್ನು ಕಟ್ಟಿಕೊಂಡು ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ಮೂರು ಸಲ ಗೆದ್ದರು. ಅದೇ ತಂಡದಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಆಕ್ರಮಣ ವಿಭಾಗವನ್ನು ನಡೆಸಿದವರು ಮೈಕ್ ಶನಹನ್. ಅವರ ಕೈಕೆಳಗೆ, ಆಮೇಲೆ ಮಗ ಕೈಲ್ ಶನಹನ್ ಜೊತೆಗೆ ಪಳಗಿದವರು ಮೈಕ್ ಮೆಕ್‌ಡ್ಯಾನಿಯಲ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ, ಸುದ್ದಿಗೋಷ್ಠಿಯಲ್ಲಿ ಹಾಸ್ಯ ಮಾಡುತ್ತ ಕೂರುವ, ನೋಡಲು ತರಬೇತುದಾರನಂತೆ ಕಾಣದ ಈ ಮನುಷ್ಯ 2022ರ ಫೆಬ್ರುವರಿಯಲ್ಲಿ ಮಿಯಾಮಿಗೆ ಬಂದರು.

ಅಲ್ಲಿ ಅವರಿಗೆ ಸಿಕ್ಕ ಟುವಾ ಆಗ ಅರ್ಧ ಮುರಿದ ಆಟಗಾರ. ಹವಾಯಿಯ ಹುಡುಗ. ಹುಟ್ಟಾ ಬಲಗೈಯವರು, ಆದರೆ ಎಡಚರಾಗಿದ್ದ ತಂದೆ ಎಳವೆಯಲ್ಲೇ ಎಡಗೈಯಲ್ಲಿ ಎಸೆಯುವುದನ್ನು ರೂಢಿ ಮಾಡಿಸಿದರು. 2018ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಪರ ರಾಷ್ಟ್ರೀಯ ಫೈನಲ್‌ನ ದ್ವಿತೀಯಾರ್ಧದಲ್ಲಿ ಮೈದಾನಕ್ಕಿಳಿದು, ಹೆಚ್ಚುವರಿ ಆಟದಲ್ಲಿ 41 ಗಜದ ಎಸೆತವೊಂದರಿಂದ ಜಾರ್ಜಿಯಾ ವಿರುದ್ಧ ಪಂದ್ಯ ಗೆಲ್ಲಿಸಿದಾಗ ಅವರು ಮೊದಲ ವರ್ಷದ ವಿದ್ಯಾರ್ಥಿ. 2019ರ ನವೆಂಬರ್‌ನಲ್ಲಿ ಸೊಂಟದ ಕೀಲು ತಪ್ಪಿತು. ಆದರೂ 2020ರ ಹೊಸಬರ ಆಯ್ಕೆಯಲ್ಲಿ, ಇಡೀ ಲೀಗ್‌ಗೆ ಐದನೆಯವರಾಗಿ, ಮಿಯಾಮಿ ಅವರನ್ನು ತೆಗೆದುಕೊಂಡಿತು. ಮೊದಲೆರಡು ವರ್ಷ ಸಾಧಾರಣವಾಗಿ ಕಳೆದವು. ಎತ್ತರ ಸಾಲದು, ತೋಳು ಸಾಲದು, ಒತ್ತಡ ಬಂದರೆ ಓಡಿ ತಪ್ಪಿಸಿಕೊಳ್ಳಲಾರ ಎಂಬ ಮಾತುಗಳು ಬೆಳೆದವು. ಈ ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ.

ಇಂಥವರ ಕೈಗೆ ಮೆಕ್‌ಡ್ಯಾನಿಯಲ್ ಕೊಟ್ಟ ಆಟವನ್ನು ಒಂದು ಉದಾಹರಣೆಯಿಂದ ನೋಡೋಣ. ಚೆಂಡು ಆಟಕ್ಕೆ ಬರುವ ಕ್ಷಣಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಒಬ್ಬ ರಿಸೀವರ್, ಹೆಚ್ಚಾಗಿ ಟೈರೀಕ್ ಹಿಲ್, ನಿಂತ ಜಾಗದಿಂದ ಅಡ್ಡಕ್ಕೆ ಓಡತೊಡಗುತ್ತಾರೆ. ನಿಯಮದ ಪ್ರಕಾರ ಸ್ನ್ಯಾಪ್ ವೇಳೆ ಒಬ್ಬನಷ್ಟೇ ಚಲನೆಯಲ್ಲಿರಬಹುದು, ಅದೂ ಮುನ್ನುಗ್ಗುವಂತಿಲ್ಲ. ಆದರೆ ಅಡ್ಡಕ್ಕೆ ಎಷ್ಟು ವೇಗವಾಗಿ ಓಡಿದರೂ ಯಾರೂ ಕೇಳುವುದಿಲ್ಲ. ಸ್ನ್ಯಾಪ್ ಆದೊಡನೆ ಆ ವೇಗವನ್ನೇ ಮುಂದಕ್ಕೆ ತಿರುಗಿಸಿಕೊಂಡರೆ, ಎಲ್ಲರೂ ನಿಂತಲ್ಲಿಂದ ಹೊರಡುವಾಗ ಇವರು ಮಾತ್ರ ಓಡುತ್ತ ಹೊರಟಂತೆ. ಉದ್ದ ಜಿಗಿತದವನು ದೂರದಿಂದ ಓಡಿ ಬಂದು ಹಲಗೆ ಮೆಟ್ಟುವುದನ್ನು ನೆನಪಿಸಿಕೊಳ್ಳಿ. 2023ರ ಮೊದಲ ಪಂದ್ಯದಲ್ಲಿ ಚಾರ್ಜರ್ಸ್ ತಂಡದ ಮೇಲೆ ಈ ತಂತ್ರವನ್ನು ಬಳಸಿದಾಗ ಹಿಲ್ ಒಬ್ಬರೇ 215 ಗಜ ಗಳಿಸಿದರು. ಕೆಲವೇ ವಾರಗಳಲ್ಲಿ ಬೇರೆ ತಂಡಗಳೂ ಅದನ್ನು ನಕಲು ಮಾಡತೊಡಗಿದವು.

ಈ ಅಡ್ಡ ಓಟದಿಂದ ಇನ್ನೊಂದು ಲಾಭವಿದೆ. ರಿಸೀವರ್ ಹೊರಟ ಮೊದಲ ಐದು ಗಜದೊಳಗೆ ರಕ್ಷಕ ಅವನ ಎದೆಗೆ ಕೈಹಚ್ಚಿ ತಡೆಯಬಹುದು. ಆಮೇಲೆ ಮುಟ್ಟಿದರೆ ದಂಡ. ಕಿರುಪಾಸಿನ ನಿಜವಾದ ವೈರಿ ಆ ಕೈ. ಅರ್ಧ ಸೆಕೆಂಡು ತಡೆದರೂ ಲೆಕ್ಕವೆಲ್ಲ ತಪ್ಪುತ್ತದೆ. ಓಡುತ್ತಿರುವವನನ್ನು ಹಾಗೆ ಹಿಡಿದು ನಿಲ್ಲಿಸುವುದು ಕಷ್ಟ.

ಇನ್ನು ಆಮಿಷ. ಸ್ನ್ಯಾಪ್ ಆದಾಗ ಟುವಾ ಚೆಂಡನ್ನು ಅದನ್ನು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಕೊಡುವಂತೆ ಚಾಚುತ್ತಾರೆ, ಮುಂದಿನ ಸಾಲಿನ ಐವರೂ ಓಟದ ಆಟವೆಂಬಂತೆ ಒಂದೇ ದಿಕ್ಕಿಗೆ ಜರುಗುತ್ತಾರೆ. ನಡುವಿನಲ್ಲಿರುವ ಲೈನ್‌ಬ್ಯಾಕರ್‌ಗಳ ಕೆಲಸವೇ ಓಟಗಾರನನ್ನು ಕೆಡಹುವುದು, ಆದ್ದರಿಂದ ಅವರು ಮುಂದೆ ಬರುತ್ತಾರೆ. ಬರದಿದ್ದರೆ ಚೆಂಡನ್ನು ನಿಜವಾಗಿಯೂ ಓಟಗಾರನಿಗೇ ಕೊಟ್ಟುಬಿಡುತ್ತಾರೆ. ಬಂದರೆ ಅವರ ಬೆನ್ನ ಹಿಂದೆ, ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರಾದ ಸೇಫ್ಟಿಗಳ ಮುಂದೆ, ಹತ್ತರಿಂದ ಹದಿನೈದು ಗಜದ ಆಳದಲ್ಲಿ ಒಂದು ಖಾಲಿ ಅಂಗಳ ತೆರೆದುಕೊಳ್ಳುತ್ತದೆ. ಟುವಾ ಎಸೆಯುವುದು ಆ ಅಂಗಳಕ್ಕೆ. ಹಿಲ್ ಒಂದು ಕಡೆಯಿಂದ, ಅಲಬಾಮಾದಲ್ಲಿ ಟುವಾ ಜೊತೆಗೇ ಆಡಿದ್ದ ಜೇಲನ್ ವಾಡಲ್ ಇನ್ನೊಂದು ಕಡೆಯಿಂದ. ಇಬ್ಬರ ವೇಗಕ್ಕೂ ಹೆದರಿ ಸೇಫ್ಟಿಗಳು ಹಿಂದಕ್ಕೆ ಸರಿದಷ್ಟೂ ಅಂಗಳ ದೊಡ್ಡದಾಗುತ್ತದೆ. 2022ರಲ್ಲಿ ವಾಡಲ್ ಹಿಡಿದ ಪ್ರತಿ ಚೆಂಡಿಗೆ ಸರಾಸರಿ 18 ಗಜ ಸಿಕ್ಕಿದ್ದು ಇದರಿಂದ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಆ ಮೊದಲೆರಡು ವರ್ಷ ಮಿಯಾಮಿಯದು ಗಿಡ್ಡ ಪಾಸಿನ ಆಟ ಎನ್ನುವುದಕ್ಕಿಂತ ಬೇಗ ಎಸೆಯುವ ಆಟ ಎನ್ನುವುದು ಸರಿ. ಚೆಂಡು ಸ್ನ್ಯಾಪ್ ಆಗಿ ಸುಮಾರು 2.4 ಸೆಕೆಂಡಿನಲ್ಲಿ ಟುವಾ ಕೈಯಿಂದ ಹೊರಟುಬಿಡುತ್ತಿತ್ತು. ಲೀಗ್‌ನಲ್ಲಿ ಅಷ್ಟು ಬೇಗ ಎಸೆಯುವವರು ಬೆರಳೆಣಿಕೆಯವರು. ಆದರೆ ದೂರ ಕಡಿಮೆಯಿರಲಿಲ್ಲ. ಬೇಗವೂ ದೂರವೂ ಒಟ್ಟಿಗೆ ಬರುವುದು ಬಹಳ ಅಪರೂಪ. ಅದು ರಿಸೀವರ್‌ಗಳ ಕಾಲು ಮತ್ತು ಕ್ವಾರ್ಟರ್‌ಬ್ಯಾಕ್‌ನ ತಲೆ ಎರಡೂ ಕೂಡಿದಾಗ ಮಾತ್ರ ಸಾಧ್ಯ.

ಟುವಾ ಅವರಿಗೆ ಇದು ಹೇಳಿ ಮಾಡಿಸಿದಂತೆ ಒಪ್ಪಿದ್ದು ಅದಕ್ಕೇ. ಅವರ ತೋಳಿನ ಬಲದ ಬಗ್ಗೆ ಮಾತಾಡುವವರು ಅವರ ಕಣ್ಣಿನ ಬಗ್ಗೆ ಮಾತಾಡುವುದನ್ನು ಮರೆಯುತ್ತಾರೆ. ರಿಸೀವರ್ ತೆರವಾದ ಮೇಲೆ ಎಸೆಯುವುದು ಬಹುಪಾಲು ಕ್ವಾರ್ಟರ್‌ಬ್ಯಾಕ್‌ಗಳ ರೂಢಿ. ತೆರವಾಗಲಿದ್ದಾನೆ ಎಂದು ನಂಬಿ ಮೊದಲೇ ಎಸೆಯುವ ಧೈರ್ಯ ಕೆಲವರಿಗಷ್ಟೇ. ನಂಬಿಕೆ ತಪ್ಪಿದರೆ ಚೆಂಡು ನೇರ ಎದುರಾಳಿಯ ಮಡಿಲಿಗೆ ಬೀಳುತ್ತದೆ. ಮೊದಲೇ ಎಸೆಯುವವನಿಗೆ ತೋಳಿನ ಬಲ ಅಷ್ಟಾಗಿ ಬೇಕಿಲ್ಲ; ಹೊತ್ತಿಗೆ ಮುಂಚೆ ಹೊರಟವನು ನಿಧಾನಕ್ಕೆ ನಡೆದರೂ ಬಸ್ಸು ಸಿಗುತ್ತದೆ. ಜೊತೆಗೆ ಅವರ ಎಸೆತದ ಚಲನೆ ಚಿಕ್ಕದು. ಕೈ ಹಿಂದಕ್ಕೆ ಹೋಗಿ ಬರುವ ಸುತ್ತು ಕಡಿಮೆ, ಹಾಗಾಗಿ ರಕ್ಷಕನಿಗೆ ಮುನ್ಸೂಚನೆ ಸಿಗುವುದು ತಡ. ಚೆಂಡು ಬೀಳುವ ಜಾಗವೂ ಕರಾರುವಾಕ್ಕು: ರಿಸೀವರ್ ಕೈಚಾಚದೆ, ಹೆಜ್ಜೆ ತಪ್ಪಿಸದೆ ಹಿಡಿಯುವಂತೆ, ಎದೆಗಿಂತ ಗೇಣು ಮುಂದೆ. ಹಿಡಿದ ಮೇಲಿನ ಓಟದಿಂದಲೇ ಬದುಕುವ ಈ ಆಟದಲ್ಲಿ ಆ ಗೇಣಿಗೆ ಹತ್ತು ಗಜದ ಬೆಲೆ.

ಎಡಗೈಯದೂ ಒಂದು ಕಥೆ ಇದೆ. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ನಿಂತಾಗ ಅವನ ಬೆನ್ನು ಎಡಗಡೆಗೆ ಇರುತ್ತದೆ; ಹಾಗಾಗಿ ಎಡತುದಿಯ ಕಾವಲುಗಾರ, ಅಂದರೆ ಎಡ ಟ್ಯಾಕಲ್, ತಂಡದ ದುಬಾರಿ ಆಟಗಾರರಲ್ಲೊಬ್ಬ. ಟುವಾ ವಿಷಯದಲ್ಲಿ ಇದು ತಿರುಗುಮುರುಗು. ಅವರ ಬೆನ್ನು ಕಾಯುವವನು ಬಲ ಟ್ಯಾಕಲ್. ಚೆಂಡಿನ ಸುತ್ತು ಕೂಡ ಉಲ್ಟಾ, ಬಲಗೈಯವರ ಎಸೆತ ಹಿಡಿದು ಅಭ್ಯಾಸವಾದ ರಿಸೀವರ್‌ಗಳಿಗೆ ಮೊದಮೊದಲು ಮುಜುಗರ. ಎಡಗೈ ಸ್ಪಿನ್ನರ್‌ನ ಮುಂದೆ ಸ್ಲಿಪ್‌ನಲ್ಲಿ ನಿಂತವರಿಗೆ ಇದು ಅರ್ಥವಾದೀತು.

ಎರಡೂವರೆ ಸೆಕೆಂಡಿನೊಳಗೆ ಎಸೆಯುವುದಕ್ಕೆ ಮೈಕಾಯುವ ಉದ್ದೇಶವೂ ಇತ್ತು. ಮಿಯಾಮಿಯ ಮುಂಚೂಣಿ ಸಾಲು ಎಂದೂ ಲೀಗ್‌ನ ಗಟ್ಟಿ ಸಾಲುಗಳಲ್ಲಿ ಒಂದಾಗಿರಲಿಲ್ಲ. ಕೈಯಲ್ಲಿ ಚೆಂಡೇ ಇಲ್ಲದವನನ್ನು ಕೆಡಹುವಂತಿಲ್ಲ. ಆದರೂ 2022ರ ಸೆಪ್ಟೆಂಬರ್ 29ರಂದು ಸಿನ್ಸಿನಾಟಿಯಲ್ಲಿ ಅವರ ತಲೆ ನೆಲಕ್ಕೆ ಅಪ್ಪಳಿಸಿ ಬೆರಳುಗಳು ಸೆಟೆದುಕೊಂಡ ದೃಶ್ಯವನ್ನು ಕಂಡವರು ಮರೆಯಲಾರರು. ಅದೇ ವರ್ಷದ ಕ್ರಿಸ್‌ಮಸ್ ದಿನದ ಪಂದ್ಯದಲ್ಲಿ ಮತ್ತೊಮ್ಮೆ ತಲೆಗೆ ಪೆಟ್ಟು. 2024ರ ಸೆಪ್ಟೆಂಬರ್‌ನಲ್ಲಿ ಬಫಲೊ ವಿರುದ್ಧ ಇನ್ನೊಂದು. ಈ ಕೊನೆಯದನ್ನು ವ್ಯೂಹದ ತಲೆಗೆ ಕಟ್ಟುವಂತಿಲ್ಲ: ನಾಲ್ಕನೆಯ ಅವಕಾಶದಲ್ಲಿ ತಾವೇ ಚೆಂಡು ಹೊತ್ತು ಓಡಿ, ತಲೆತಗ್ಗಿಸಿ ರಕ್ಷಕನಿಗೆ ಡಿಕ್ಕಿ ಹೊಡೆದರು. ಜಾರಿ ಕೂರಬೇಕಾದ ಕಡೆ ನುಗ್ಗಿದ್ದು ಅವರದೇ ತಪ್ಪು.

2023ರ ಸೆಪ್ಟೆಂಬರ್ 24 ಈ ಆಟದ ಶಿಖರ. ಭಾರತದಲ್ಲಿ ಆಗ ರಾತ್ರಿ ಹತ್ತೂವರೆ. ಅರ್ಧ ಪಂದ್ಯ ನೋಡಿ ಮಲಗೋಣವೆಂದು ಕೂತವರು ಮಲಗಲಿಲ್ಲ. ಡೆನ್ವರ್ ಬ್ರಾಂಕೋಸ್ ಮೇಲೆ 70–20. ಒಟ್ಟು 726 ಗಜ. ಟುವಾ 26 ಎಸೆದರು, 23 ಗುರಿ ಸೇರಿದವು. ಆ ಋತುವಿನಲ್ಲಿ ಅವರು 4,624 ಗಜ ಎಸೆದು ಲೀಗ್‌ಗೇ ಮೊದಲಿಗರಾದರು, ಹಿಲ್ 1,799 ಗಜದೊಂದಿಗೆ ರಿಸೀವರ್‌ಗಳಲ್ಲಿ ಮೊದಲಿಗರಾದರು. ಓಟವೂ ಹಾಗೆಯೇ ಇತ್ತು: ರಹೀಮ್ ಮೊಸ್ಟರ್ಟ್ ಓಡಿಯೇ 18 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಗಳಿಸಿದರು. ಈ ಓಟದ ಅಂಕಿಯನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಮದ್ದು ಅಷ್ಟರಲ್ಲಾಗಲೇ ಸಿಕ್ಕಿತ್ತು. 2022ರ ಡಿಸೆಂಬರ್ 11ರಂದು ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡ ಎರಡು ಕೆಲಸ ಮಾಡಿತು. ರಿಸೀವರ್‌ಗಳ ಎದೆಗೆ ಕೈಹಚ್ಚಿ ಮೊದಲ ಐದು ಗಜದಲ್ಲೇ ತಡೆಯಿತು. ನಡುವಿನ ಅಂಗಳದಲ್ಲಿ ಜನರನ್ನು ತುಂಬಿ, ಬೇಕಾದರೆ ಅಂಚಿನಲ್ಲಿ ಎಸೆದುಕೊಳ್ಳಿ ಎಂದು ಬಿಟ್ಟಿತು. ಟುವಾ 28 ಎಸೆದರು, ಗುರಿ ಸೇರಿದ್ದು 10. ಮೊದಲ ನೋಟಕ್ಕೆ ಜಾಗ ಸಿಗಲಿಲ್ಲವೆಂದರೆ ಅವರ ಪಾದಗಳು ತಡಬಡಿಸುತ್ತವೆ, ಎರಡನೆಯ, ಮೂರನೆಯ ಆಯ್ಕೆಗೆ ಕಣ್ಣು ಹೊರಳುವಷ್ಟರಲ್ಲಿ ರಕ್ಷಕರು ಮೈಮೇಲೆ. ಪ್ಯಾಟ್ರಿಕ್ ಮಹೋಮ್ಸ್‌ ಅಥವಾ ಜಾಶ್ ಆಲನ್‌ರಂಥ ಕ್ವಾರ್ಟರ್‌ಬ್ಯಾಕ್ ಆಗಿದ್ದರೆ ಅಲ್ಲಿಂದ ಹೊರಗೋಡಿ, ಓಡುತ್ತಲೇ ನಲವತ್ತು ಗಜ ಎಸೆದು ಕೆಟ್ಟ ಆಟವನ್ನು ಒಳ್ಳೆಯದಾಗಿ ಮಾಡಿಕೊಳ್ಳುತ್ತಿದ್ದರು. ಟುವಾ ಅವರ ಬತ್ತಳಿಕೆಯಲ್ಲಿ ಆ ಬಾಣವಿಲ್ಲ. ಮೂರನೆಯ ಅವಕಾಶದಲ್ಲಿ ಎಂಟು–ಒಂಬತ್ತು ಗಜ ಬೇಕಾದಾಗ ಮಿಯಾಮಿ ಒದ್ದಾಡುತ್ತಿದ್ದುದೂ ಇದಕ್ಕೇ. ಈಗ ಎಸೆತವೇ ಎಂದು ಎಲ್ಲರಿಗೂ ಗೊತ್ತಿರುವಾಗ ಓಟದ ಆಮಿಷಕ್ಕೆ ಯಾವ ಲೈನ್‌ಬ್ಯಾಕರ್ ಮುಂದೆ ಬರುತ್ತಾನೆ?

2024ರ ಜನವರಿ 13ರಂದು ಕ್ಯಾನ್ಸಸ್ ಸಿಟಿಯಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಪ್ಲೇಆಫ್ ಪಂದ್ಯ 26–7ರಲ್ಲಿ ಸೋತಾಗ ಎಲ್ಲರೂ ಚಳಿಯನ್ನು ದೂರಿದರು. ಚಳಿ ಕಾರಣವೇ, ಆದರೆ ಪೂರ್ತಿ ಕಾರಣವಲ್ಲ.

ಮುಂದಿನದು ಅಂಕಿಗಳಲ್ಲಿ ಕಾಣುತ್ತದೆ, ಮತ್ತು ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ ಭಾಗ. ಟುವಾ ಎಸೆತಗಳಲ್ಲಿ ಗುರಿ ಸೇರಿದ ಪಾಲು 2022ರಲ್ಲಿ ಶೇ 64.8, ಮರುವರ್ಷ 69.3, 2024ರಲ್ಲಿ 72.9. ಕೊನೆಯದು ಆ ವರ್ಷ ಲೀಗ್‌ಗೇ ಮೊದಲ ಸ್ಥಾನ. ಇಷ್ಟನ್ನೇ ನೋಡಿದರೆ ಆಟಗಾರ ವರ್ಷದಿಂದ ವರ್ಷಕ್ಕೆ ಪಕ್ವವಾಗುತ್ತಿದ್ದಾನೆ ಎನ್ನಬೇಕು. ಅದೇ ಮೂರು ವರ್ಷ ಪ್ರತಿ ಎಸೆತಕ್ಕೆ ಸಿಕ್ಕ ಗಜಗಳನ್ನು ಪಕ್ಕಕ್ಕಿಡಿ: 8.9, 8.3, 7.2. ಒಂದು ಏರುತ್ತಿದೆ, ಇನ್ನೊಂದು ಇಳಿಯುತ್ತಿದೆ. ಹೆಚ್ಚು ಚೆಂಡು ಗುರಿ ಮುಟ್ಟುತ್ತಿವೆ, ಏಕೆಂದರೆ ಗುರಿಯೇ ಹತ್ತಿರಕ್ಕೆ ಬಂದಿದೆ.

ಏನಾಗಿತ್ತೆಂದರೆ, ಎದುರಾಳಿಗಳು ಇಬ್ಬರು ಸೇಫ್ಟಿಗಳನ್ನು ತೀರಾ ಆಳದಲ್ಲಿ ನಿಲ್ಲಿಸಿ ಹಿಲ್, ವಾಡಲ್ ಇಬ್ಬರ ದಾರಿಗೂ ಬಾಗಿಲು ಹಾಕಿದರು. ಲೈನ್‌ಬ್ಯಾಕರ್‌ಗಳಿಗೆ ಆಮಿಷಕ್ಕೆ ಬೀಳದೆ ಹಿಂದೆ ಸರಿಯಲು ಹೇಳಿದರು. ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ: ಅವರು ಹಿಂದೆ ಸರಿದರೆ ನೀವು ಚೆಂಡು ಹೊತ್ತು ಓಡಿ. ಆದರೆ 2024ರಲ್ಲಿ ಮಿಯಾಮಿಯ ಓಟ ಸೊರಗಿತ್ತು. ಓಡಲಾಗದ ತಂಡದ ಓಟದ ಆಮಿಷ ಖಾಲಿ ಗಾಳ. ಉಳಿದದ್ದು ಸೇಫ್ಟಿಗಳ ಮುಂದಿನ ಐದಾರು ಗಜ ಮಾತ್ರ. ಆ ವರ್ಷ ತಂಡದಲ್ಲಿ ಅತಿ ಹೆಚ್ಚು ಚೆಂಡು ಹಿಡಿದವರು ಮುಂಚೂಣಿ ಸಾಲಿನ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್ ಜಾನು ಸ್ಮಿತ್, 88. ರನ್ನಿಂಗ್ ಬ್ಯಾಕ್ ಡೆವಾನ್ ಅಚೇನ್ ಹಿಡಿದದ್ದು 78. ಹಿಲ್ 1,799 ಗಜದಿಂದ 959ಕ್ಕೆ ಇಳಿದರು. ಬೇಗವೂ ದೂರವೂ ಆಗಿದ್ದ ಆಟದಲ್ಲಿ ಬೇಗ ಮಾತ್ರ ಉಳಿಯಿತು. ಆಗ ಅದು ನಿಜಕ್ಕೂ ಗಿಡ್ಡ ಪಾಸಿನ ಆಟವಾಯಿತು.

ಗಿಡ್ಡ ಪಾಸಿನ ಆಟದ ತೊಡಕು ಅದರ ಉದ್ದ. ಎಂಬತ್ತು ಗಜವನ್ನು ಏಳೇಳು ಗಜವಾಗಿ ದಾಟಬೇಕೆಂದರೆ ಹನ್ನೆರಡು ಸಲ ಎಲ್ಲವೂ ಸರಿಯಾಗಬೇಕು. ನಡುವೆ ಒಬ್ಬ ಕಾವಲುಗಾರ ಎದುರಾಳಿಯ ಅಂಗಿ ಹಿಡಿದೆಳೆದರೆ ಹತ್ತು ಗಜದ ದಂಡ, ಅಲ್ಲಿಗೆ ಕಥೆ ಮುಗಿಯಿತು. ಎದುರಾಳಿ ಕಾಯುತ್ತಿರುವುದೂ ಅದಕ್ಕೇ: ತಿನ್ನಲಿ, ಸ್ವಲ್ಪ ಸ್ವಲ್ಪ ತಿನ್ನಲಿ, ಎಲ್ಲೋ ಒಂದು ಕಡೆ ಕಲ್ಲು ಸಿಗುತ್ತದೆ.

ಹಾಗೆಂದು ಟುವಾ ಇಲ್ಲದೆಯೂ ಈ ವ್ಯೂಹ ನಡೆಯುತ್ತಿತ್ತು ಎನ್ನುವವರಿಗೆ 2024ರ ಋತುವೇ ಉತ್ತರ ಕೊಡುತ್ತದೆ. ಅವರು ಆಡಿದ 11 ಪಂದ್ಯಗಳಲ್ಲಿ 6 ಗೆಲುವು, ಗಾಯಗೊಂಡು ಕೂತ 6ರಲ್ಲಿ 2. ಅದೇ ತರಬೇತುದಾರ, ಅದೇ ಆಟಗಳ ಪಟ್ಟಿ, ಅದೇ ಹಿಲ್, ಅದೇ ವಾಡಲ್. ಬದಲಿ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಟುವಾಗಿಂತ ಬಲವಾದ ತೋಳಿನವರಿದ್ದರು, ಕಾಲಿನಲ್ಲಿ ಚುರುಕಾದವರೂ ಇದ್ದರು. ಆದರೆ ರಿಸೀವರ್ ತಿರುಗುವುದಕ್ಕೆ ಮುಂಚೆ ಎಸೆಯಬಲ್ಲವರು ಯಾರೂ ಇರಲಿಲ್ಲ. ಬಾಗಿಲು ತೆರೆದ ಮೇಲೆ ಎಸೆದರೆ ಚೆಂಡು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ವ್ಯೂಹ ಟುವಾ ಅವರನ್ನು ಬೆಳೆಸಿತು ಎಂಬುದು ಎಷ್ಟು ನಿಜವೋ, ಅವರ ಕಣ್ಣಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಕೂರಲಿಲ್ಲ ಎಂಬುದೂ ಅಷ್ಟೇ ನಿಜ. 2024ರ ಜುಲೈನಲ್ಲಿ ತಂಡ ನಾಲ್ಕು ವರ್ಷಕ್ಕೆ 212.4 ದಶಲಕ್ಷ ಡಾಲರ್‌ನ ಕರಾರು ಮಾಡಿಕೊಂಡಾಗ ಹಣ ಕೊಟ್ಟದ್ದು ಆ ಕಣ್ಣಳತೆಗೆ. ಆ ಮೊತ್ತ ಹೆಚ್ಚಾಯಿತೆಂದು ನಾನು ಆಗಲೂ ಅಂದುಕೊಂಡಿದ್ದೆ. ಆದರೆ ಕೊಂಡ ವಸ್ತು ನಕಲಿಯಾಗಿರಲಿಲ್ಲ.

2025ರಲ್ಲಿ ಅಂಗಿಯ ಹೊಲಿಗೆಗಳು ಒಂದೊಂದಾಗಿ ಬಿಚ್ಚಿದವು. ಜೂನ್‌ನಲ್ಲಿ ಜಾನು ಸ್ಮಿತ್ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟರು. ಸೆಪ್ಟೆಂಬರ್ 29ರಂದು ಜೆಟ್ಸ್ ವಿರುದ್ಧದ ಪಂದ್ಯದಲ್ಲಿ ಹಿಲ್ ಅವರ ಮೊಣಕಾಲು ಕೀಲು ತಪ್ಪಿ ಋತುವೇ ಮುಗಿಯಿತು. ಸೇಫ್ಟಿಗಳು ಹೆದರಿ ಹಿಂದೆ ಸರಿಯಬೇಕಾದ ಕಾರಣವೇ ಮೈದಾನದಿಂದ ಗಾಡಿಯ ಮೇಲೆ ಹೊರಹೋದಂತಾಯಿತು. ಟುವಾ ಮಾತ್ರ ಮೊದಲಿನಂತೆಯೇ, ರಿಸೀವರ್ ತಿರುಗುವ ಮುಂಚೆಯೇ, ನಡುವಿನ ಅಂಗಳಕ್ಕೆ ಎಸೆಯುತ್ತ ಹೋದರು. ಈ ಸಲ ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದಿರಲಿಲ್ಲ. ಡಿಸೆಂಬರ್‌ನಲ್ಲಿ ಬೆಂಚಿಗೆ ಹೋಗುವಷ್ಟರಲ್ಲಿ 15 ಚೆಂಡುಗಳು ಎದುರಾಳಿಯ ಕೈ ಸೇರಿದ್ದವು.